ಗಂಗವ್ವಜ್ಜಿಯ ಹಗೇವು

ನರಗುಂದದ ಬಂಡಾಯದ ಕಾಲಕ್ಕೆ ಶಿರೋಳದ ರೈತನೊಬ್ಬ ಕತ್ತಿಗಳ ಸಮೇತ ತನ್ನ ಮನೆಯ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ಆಳದ ನೆಲಗುಂಡಿಯಲ್ಲಿ, ಅಡಗಿದನಂತೆ. ಹೆಂಡತಿ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಕಂಪನಿ ಸಿಪಾಯಿಗಳು ಹೋಗುವವರೆಗೆ ಅದರ ಮೇಲೆಯೇ ಕುಳಿತಳಂತೆ. ಅಷ್ಟರಲ್ಲಿ ಒಳಗೆ ಅವನ ಉಸಿರು ನಿಂತಿತ್ತಂತೆ, ಆ ಕಲ್ಲನ್ನು ಮತ್ತೆ ಯಾರೂ ಎತ್ತಲಿಲ್ಲವಂತೆ. ಇಷ್ಟೊಂದು 'ಅಂತೆ'ಗಳ ಮೇಲೆ ಇತಿಹಾಸ ನಿಲ್ಲುತ್ತದೆಯೇ? ಅದೇ ಓಣಿಯಲ್ಲಿ ಬೆಳೆದು, ಚರ್ಚಾಸ್ಪರ್ಧೆ ಗೆದ್ದು ಗೆದ್ದು ನಾಲಿಗೆ ಹರಿತವಾಗಿದ್ದ ನಾನು ಒಂದಿಷ್ಟೂ ನಂಬಲಿಲ್ಲ.

ಆ ಮನೆಯ ಗಂಗವ್ವಜ್ಜಿ ಪ್ರತಿ ಅಮಾವಾಸ್ಯೆಗೆ ಆ ಕಲ್ಲಿನ ಮೇಲೆ ಬಿಸಿ ರೊಟ್ಟಿಯಿಟ್ಟು, ಕಲ್ಲನ್ನು ಕೈಯಿಂದ ಮೂರು ಸಲ ಬಡಿಯುತ್ತಿದ್ದಳು. ಅಲ್ಲಿಗೆ ಸೊಸೆಯಾಗಿ ಬಂದವರೆಲ್ಲ ನಡೆಸಿಕೊಂಡು ಬಂದದ್ದು.

"ಒಳಗ ಎಲುಬರ ಇರಬೇಕಲ್ಲಬೇ, ತೆಗದ ನೋಡೂಣು," ಎಂದೆ.

"ವಕೀಲಕಿ ಕೋರ್ಟಿನಾಗ ಮಾಡಪಾ, ನಮ್ಮನ್ನ ಬಿಡ," ಎಂದು ನಕ್ಕಳು.

ನಾನು ಬಿಡಲಿಲ್ಲ. ಅಜ್ಜಿ ಅಬ್ಬಿಗೇರಿಯ ಮಗಳ ಮನೆಗೆ ಹೋದಾಗ, ಆಕೆಯ ಮಗ ಬಸಪ್ಪನನ್ನು ಪುಸಲಾಯಿಸಿ ಕಲ್ಲು ಎತ್ತಿಸಿದೆ. ಕೆಟ್ಟ ಗಾಳಿ ಹೋಗಲೆಂದು ಎರಡು ದಿನ ತೆರೆದಿಟ್ಟೆವು. ಮೂರನೆಯ ದಿನ ಮಧ್ಯಾಹ್ನ ಕಂದೀಲು ಇಳಿಬಿಟ್ಟು, ಹಗ್ಗ ಹಿಡಿದು ನಾನೂ ಇಳಿದೆ. ಎಲುಬಿಲ್ಲ, ಕತ್ತಿಯಿಲ್ಲ, ಹಳೆಯ ಹೊಟ್ಟು, ಅಷ್ಟೇ. ಗೆದ್ದೆ ಎಂದುಕೊಳ್ಳುವಾಗಲೇ ಮೇಲಿನಿಂದ ಹೆಂಗಸಿನ ದನಿ ಬಂತು: "ಹೋದ್ರು ಅವ್ರು. ಬರ್ರಿ ಹೊರಗ."

ತಲೆಯೆತ್ತಿದರೆ ಬಸಪ್ಪನ ಮುಖ ಮಾತ್ರ.

"ಯಾರ ಕರದ್ರು?"

"ಯಾರದಾರೋ ಇಲ್ಲಿ? ಗಾಳಿ ಬಡೀತೇನು? ಲಗೂ ಬಾ ಮ್ಯಾಲ."

ಕೆಟ್ಟ ಗಾಳಿಯ ಭ್ರಮೆ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಆದರೆ ಕಂದೀಲು ನನ್ನ ಕಾಲ ಬುಡದಲ್ಲಿ ನೆಟ್ಟಗೆ ಉರಿಯುತ್ತಿತ್ತು. ಗಾಳಿ ಕೆಟ್ಟಿದ್ದರೆ ಮೊದಲು ಅದೇ ಆರಬೇಕಿತ್ತು.

ಅಜ್ಜಿ ಮರಳಿದಾಗ, ಹಗೇವು ಖಾಲಿ ಎಂದಷ್ಟೇ ಹೇಳಿದೆ. ದನಿಯ ಸುದ್ದಿ ಎತ್ತಿದ್ದರೆ ನನ್ನ ವಾದ ಬೀಳುತ್ತಿತ್ತು. ಮುಂದಿನ ಅಮಾವಾಸ್ಯೆಗೆ ಆಕೆ ಕಲ್ಲಿನ ಹತ್ತಿರ ಸುಳಿಯಲಿಲ್ಲ. "ಯಾರೂ ಇಲ್ಲಂತ ನೀನ ನೋಡಿ ಬಂದಿ. ರೊಟ್ಟಿ ಯಾರಿಗೆ?" ಎಂದಳು. ಆ ಮಾತು ಮೂರು ವರ್ಷ ನನ್ನನ್ನು ಕುಟುಕಿತು.

ಹೋದ ತಿಂಗಳು ಹೋಗಿ ಎಲ್ಲ ಹೇಳಿಬಿಟ್ಟೆ. ಕಡಲೆ ಹಸನು ಮಾಡುತ್ತಿದ್ದ ಅಜ್ಜಿಯ ಕೈ ನಿಂತಿತು.

"ನೀ ಓ ಅಂದ್ಯಾ?"

"ಇಲ್ಲಬೇ."

"ಅನಬೇಕಾಗಿತ್ತು. ಗಂಡನ ದನಿಗೆ ಕಾದ ಕುಂತಾಳ, ಆಕಿಗೀಟು ಸಮಾಧಾನ ಆಗತಿತ್ತು," ಎಂದು ಮತ್ತೆ ಮೊರಕ್ಕೆ ಕೈಹಾಕಿದಳು.

"ಈಗರ ಇಳದು ಓ ಅಂದ್ರ," ಎಂದೆ, "ಆಕಿಗೆ ಕೇಳಸ್ತೈತೇನಬೇ?"