ಕಲ್ಲಿನ ಬಣ್ಣದ ರಾಜಕುಮಾರಿ

ಇವತ್ತು ಮಗಳು ನೋಡುತ್ತಿದ್ದ ಕಾರ್ಟೂನ್ ಸಿನಿಮಾದ ರಾಜಕುಮಾರಿ ನನ್ನ ಹಾಗೇ ಕಪ್ಪಗಿದ್ದಳು. ನನಗೆ ಶಹಾಬಾದಿನ ಮನೆಯ ಕಲ್ಲಿನ ನೆಲ ನೆನಪಾಯಿತು.

ಚಿಕ್ಕಂದಿನಲ್ಲಿ ಟಿವಿಯ ರಾಜಕುಮಾರಿಯರನ್ನು ನಾನು ಆ ಬೂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ, ಮುಖಕ್ಕೆಲ್ಲ ಬಿಳಿ ತುಂಬುತ್ತಿದ್ದೆ. ಒಂದು ದಿನ ನೆಲ ಒರೆಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ಯಾರವ್ವಾ ಇಕಿ? ಮಾರಿಗಿ ಎಷ್ಟ್ ಪೌಡರ್ ಬಡದೀ!"

"ರಾಜಕುಮಾರಿ, ಆಯಿ. ಅವ್ರು ಬೆಳ್ಳಗೇ ಇರ್ತಾರ."

"ನಮ್ಮನ್ಯಾಗ ಇರಾಕಿ ನಮ್ಮಂಗ ಇರ್ಲಿ" ಎಂದವಳೇ ಒದ್ದೆ ಬಟ್ಟೆಯಿಂದ ಮುಖವನ್ನಷ್ಟೇ ಒರೆಸಿದಳು. ನೆನೆದ ಕಲ್ಲು ಕಪ್ಪಗೆ ಮಿಂಚಿತು. ಥೇಟ್ ನಾನೇ! ಆದರೆ ಕಲ್ಲು ಆರಿದಂತೆ ರಾಜಕುಮಾರಿ ಬಿಳಿಚಿಕೊಳ್ಳುತ್ತಿದ್ದಳು. ಮಧ್ಯಾಹ್ನವೆಲ್ಲ ನಾನು ಚೊಂಬು ಹಿಡಿದು ಅವಳ ಮುಖಕ್ಕೆ ನೀರು ಚಿಮುಕಿಸುತ್ತಾ ಕೂತೆ.

ಇವತ್ತಿನ ರಾಜಕುಮಾರಿ ಸಿನಿಮಾ ಮುಗಿಯುವವರೆಗೂ ಕಪ್ಪಗೇ ಇದ್ದಳು. ಯಾರೂ ನೀರು ಚಿಮುಕಿಸಬೇಕಾಗಲಿಲ್ಲ.