ಮನೆ ಮುಟ್ಟುವ ತನಕ ಫೋನಿಡದ ಅಕ್ಕ

ಬೆಳಗಿನ ನಾಲ್ಕು ಗಂಟೆ ನಲವತ್ತು ನಿಮಿಷ. ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಐವತ್ತೆರಡರ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ನೋಡಿದವರಿಗೆ ತೂಕಡಿಸುತ್ತಿದ್ದಾರೆ ಅನ್ನಿಸಬೇಕು. ಆದರೆ ಅವರು ನಡೆಯುತ್ತಿದ್ದಾರೆ. ಎರಡು ಮೈಲಿಯಾಚೆ, ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಹೊರಟ ಹುಡುಗಿಯೊಬ್ಬಳ ಪಕ್ಕದಲ್ಲಿ.

‘ಎಡಗಡೆ ಏನಿದೆ ಮಗಾ?’

‘ಬೀಗ ಹಾಕಿದ ಅಂಗಡಿ ಅಕ್ಕ. ಮೆಟ್ಟಿಲ ಮೇಲೆ ಒಂದು ಬೆಕ್ಕು ಕೂತಿದೆ.’

‘ಬಿಳೀದಾ? ಅದು ದಿನಾ ಅಲ್ಲೇ ಇರುತ್ತೆ. ನಾನು ಕೇಳಿದೆ ಅಂತ ಹೇಳು.’

ಹುಡುಗಿ ನಗುತ್ತಾಳೆ. ಆಮೇಲೆ ಮೆಟ್ಟಿಲ ಸದ್ದು, ಬೀಗದ ಕೈ ತಡಕಾಡುವ ಸದ್ದು, ಒಳಗಿನಿಂದ ಚಿಲಕ ಬೀಳುವ ಸದ್ದು. ಅಕ್ಕ ಫೋನಿಡುವುದಿಲ್ಲ. ‘ಈಗ ನಲ್ಲಿ ತಿರುಗಿಸು’ ಅನ್ನುತ್ತಾರೆ. ಬಕೆಟ್ಟಿಗೆ ನೀರು ಧುಮುಕುವುದು ಕೇಳಿಸುತ್ತದೆ. ‘ಸರಿ, ಮಲಕ್ಕೋ ಹೋಗು.’ ಆಗ ಕಣ್ಣು ತೆರೆಯುತ್ತಾರೆ.

ರಾತ್ರಿ ಹೊತ್ತು ಒಂಟಿಯಾಗಿ ಓಡಾಡುವವರು ಕರೆ ಮಾಡಿದರೆ, ಮನೆ ತಲುಪುವವರೆಗೆ ಅವರ ಜೊತೆ ಮಾತಾಡುತ್ತಿರುವುದು ಈ ಸಹಾಯವಾಣಿಯ ಕೆಲಸ. ಕರೆ ಮಾಡುವವರಿಗೆ ಇವರು ‘ಲೈನ್ ಅಕ್ಕ’. ರಾತ್ರಿ ಹತ್ತರಿಂದ ಬೆಳಗಿನ ಐದೂವರೆವರೆಗೆ ಪಾಳಿ. ಕೋಣೆಯಲ್ಲಿ ಮೂರು ಕುರ್ಚಿ, ಮೂವರು ಹೆಂಗಸರು. ಅಕ್ಕನ ಪಾಲಿಗೆ ರಾತ್ರಿಗೆ ಸರಾಸರಿ ಮೂವತ್ತನಾಲ್ಕು ಕರೆ, ಕರೆಗೆ ಹನ್ನೊಂದು ನಿಮಿಷ.

‘ಊರವರ ಹತ್ತಿರ ಹನ್ನೊಂದು ನಿಮಿಷ. ನನ್ನ ಹತ್ತಿರ ಅರ್ಧ ನಿಮಿಷ, ಅದರಲ್ಲೂ ಕಾಲು ಭಾಗ ಬೈಗುಳ’ ಎಂದು ಗಂಡ ದೂರುತ್ತಾರೆ. ಬೀರು ರಿಪೇರಿ ಮಾಡುವ ಮನುಷ್ಯ. ಮೊದಲ ಬಸ್ಸಿಗೆ ಬರುವ ಹೆಂಡತಿಯನ್ನು ಕರೆದೊಯ್ಯಲು ದಿನವೂ ನಿಲ್ದಾಣದಲ್ಲಿ ಆಕಳಿಸುತ್ತ ನಿಂತಿರುತ್ತಾರೆ.

ಅಕ್ಕ ಮೊದಲು ಬಸ್ ನಿಲ್ದಾಣದಲ್ಲಿ ಉದ್ಘೋಷಕಿಯಾಗಿದ್ದರು. ಮೊದಲೇ ಧ್ವನಿಮುದ್ರಿಸಿಟ್ಟ ದನಿ ಬಂದ ಮೇಲೆ ಇವರ ಕುರ್ಚಿ ಹೋಯಿತು. ಎಂಟು ವರ್ಷದ ಹಿಂದೆ ಈ ಕೋಣೆಗೆ ಕಳಿಸಿದಾಗ ಯಾವ ತರಬೇತಿಯನ್ನೂ ಕೊಡಲಿಲ್ಲ. ಕೆಲಸದ ದಾರಿಯನ್ನು ಅವರೇ ಕಂಡುಕೊಂಡರು. ‘ಹೆದರಿಕೆ ಆಗ್ತಿದೆಯಾ’ ಅಂತ ಯಾರನ್ನೂ ಕೇಳುವುದಿಲ್ಲ. ಎಡಗಡೆ ಏನಿದೆ, ಮುಂದೆ ಏನಿದೆ ಎಂದಷ್ಟೇ ಕೇಳುತ್ತಾರೆ. ‘ಹೆದರಿದವರು ನೆಲ ನೋಡ್ಕೊಂಡು ನಡೀತಾರೆ. ಕೇಳಿದರೆ ತಲೆ ಎತ್ತುತ್ತಾರೆ. ತಲೆ ಎತ್ತಿದವರ ತಂಟೆಗೆ ಬರೋಕೆ ಎಂಥವನೂ ಸ್ವಲ್ಪ ಯೋಚಿಸ್ತಾನೆ.’

ಹೀಗೆ ಕೇಳಿ ಕೇಳಿ, ಅವರೊಳಗೆ ಒಂದು ಇಡೀ ಊರು ಬೆಳೆದಿದೆ. ಯಾವ ಓಣಿಯ ನಾಯಿ ಬರೀ ಬೊಗಳುವುದು, ಯಾವ ಸೇತುವೆ ಕೆಳಗೆ ಹೆಜ್ಜೆ ಎರಡೆರಡು ಸಲ ಕೇಳಿಸುತ್ತದೆ, ಯಾವ ಮನೆಯ ಗಡಿಯಾರ ಬೀದಿಗೆಲ್ಲ ಗಂಟೆ ಹೊಡೆಯುತ್ತದೆ, ಎಲ್ಲವೂ ಗೊತ್ತು. ಒಮ್ಮೆ ರಜೆಯ ದಿನ ಅಂಥದೊಂದು ಬೀದಿ ನೋಡಲು ಹೋಗಿದ್ದರಂತೆ. ‘ಹಗಲಲ್ಲಿ ಗುರುತೇ ಸಿಗಲಿಲ್ಲ. ಯಾರದೋ ಊರಿಗೆ ಬಂದಂಗಾಯ್ತು. ಗೋಡೆ ಹಿಡ್ಕೊಂಡು ಕಣ್ಣು ಮುಚ್ಚಿದೆ. ಆಗ ಸಿಕ್ಕಿತು, ನನ್ನ ಬೀದಿ.’

ಕಳೆದ ತಿಂಗಳು ಈ ಕೋಣೆಗೊಂದು ಸುತ್ತೋಲೆ ಬಂತು. ಇನ್ನು ಮುಂದೆ ಯಾವ ಕರೆಯೂ ಆರು ನಿಮಿಷ ದಾಟಬಾರದು; ದಾಟಿದರೆ ಯಂತ್ರವೇ ಕತ್ತರಿಸುತ್ತದೆ. ಕೆಳಗೆ, ಹಳೆಯ ದಾಖಲೆಗಳಿಂದ ಆರಿಸಿದ ಹತ್ತು ‘ಮಾದರಿ ಕರೆ’ಗಳ ಪಟ್ಟಿ. ಮೂರನೆಯದನ್ನು ಅಕ್ಕ ಮತ್ತೊಮ್ಮೆ ಓದಿದರು. ಅದು ಅವರದೇ ಕರೆ. ಮೂರು ವರ್ಷ ಹಳೆಯದು. ಐದು ನಿಮಿಷ ನಲವತ್ತು ಸೆಕೆಂಡು. ಷರಾ: ಸುರಕ್ಷಿತ.

ಆ ರಾತ್ರಿ ಕರೆ ಮಾಡಿದ್ದವಳು ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿ. ಚಿಲಕದ ಸದ್ದು ಕೇಳಿತು, ‘ಬಂದೆ ಅಕ್ಕ’ ಅಂದಳು, ಅಕ್ಕ ಫೋನಿಟ್ಟರು. ಆದರೆ ಬಿದ್ದದ್ದು ಕಟ್ಟಡದ ಗೇಟಿನ ಚಿಲಕ. ಅವಳ ಕೋಣೆಗೆ ಇನ್ನೂ ನಾಲ್ಕು ಮಹಡಿ, ದೀಪವಿಲ್ಲದ ಮೆಟ್ಟಿಲು. ಎರಡನೇ ಮಹಡಿಯಲ್ಲಿ ಒಬ್ಬ ಅಡಗಿ ನಿಂತಿದ್ದ. ಹುಡುಗಿ ಕಿರುಚಿದಳು, ಬಾಗಿಲುಗಳು ತೆರೆದವು, ಅವನು ಓಡಿದ. ಅವನ ಹಿಡಿತದಿಂದ ಬಿಡಿಸಿಕೊಳ್ಳುವಾಗ ಉರುಳಿ ಬಿದ್ದ ಅವಳ ಮಣಿಕಟ್ಟು ಮುರಿದಿತ್ತು. ಮರುದಿನ ಅವಳೇ ಫೋನ್ ಮಾಡಿದಳು. ಜಗಳಕ್ಕಲ್ಲ. ‘ಅದು ಗೇಟು ಅಕ್ಕ. ನೀವು ಬಾಗಿಲು ಅಂದ್ಕೊಂಡ್ರಿ’ ಎಂದಷ್ಟೇ ಹೇಳಿದಳು.

ಅಕ್ಕ ಆಫೀಸಿನಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಚಿಲಕವೊಂದನ್ನೇ ನಂಬುವುದನ್ನು ಬಿಟ್ಟರು. ಎರಡನೆಯ ಸದ್ದು ಬೇಕು. ನಲ್ಲಿಯೋ ಪಾತ್ರೆಯೋ, ಮನೆಯೊಳಗೆ ಮಾತ್ರ ಆಗುವಂಥದ್ದು. ಹನ್ನೊಂದು ನಿಮಿಷದ ಗುಟ್ಟು ಇದೇ.

ಈಗ ಆ ಕರೆಯನ್ನೇ ಮಾದರಿ ಅನ್ನುತ್ತಿದ್ದಾರೆ. ಸುಮ್ಮನಿದ್ದರೆ ಆರು ನಿಮಿಷಕ್ಕೆ ಯಂತ್ರ ಫೋನ್ ಕತ್ತರಿಸುತ್ತದೆ, ಯಾರಾದರೊಬ್ಬಳು ಮೆಟ್ಟಿಲ ನಡುವೆಯೇ ಒಂಟಿಯಾಗುತ್ತಾಳೆ. ಬಾಯಿ ಬಿಟ್ಟರೆ ಕೆಲಸವೇ ಹೋಗಬಹುದು. ‘ಸುಮ್ಮನಿರೇ, ನಿವೃತ್ತಿಗೆ ಆರು ವರ್ಷ ಇದೆ’ ಎಂದರು ಗಂಡ. ಅಕ್ಕ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಅಧಿಕಾರಿಗಳ ಸಭೆಯಲ್ಲಿ ಎದ್ದು ನಿಂತರು.

‘ಮೂರನೇದು ನಂದು ಸಾರ್. ಒಂದ್ಸಲ ಎಲ್ಲರಿಗೂ ಕೇಳಿಸಿ.’

ಕೇಳಿಸಿದರು. ಹುಡುಗಿಯ ಹೆಜ್ಜೆ, ಚಿಲಕ, ‘ಬಂದೆ ಅಕ್ಕ’, ಮೌನ. ‘ಚೆನ್ನಾಗೇ ಇದೆಯಲ್ಲಮ್ಮ?’ ಎಂದರು ಮೇಜಿನ ತುದಿಯ ಅಧಿಕಾರಿ. ಆಮೇಲಿನದನ್ನು ಅಕ್ಕನೇ ಹೇಳಿದರು. ಮುಖಗಳನ್ನು ನೋಡುತ್ತ ಮಾತಾಡಿ ಅಭ್ಯಾಸವಿಲ್ಲದ್ದರಿಂದ, ಕಣ್ಣು ಮುಚ್ಚಿಕೊಂಡೇ.

‘ಇಷ್ಟು ದಿನ ಯಾಕೆ ಹೇಳಲಿಲ್ಲ?’

‘ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಈಗಲೂ ಹೆದರಿಕೇನೇ ಸಾರ್.’

ಹತ್ತು ದಿನದ ನಂತರ ಎರಡು ಕಾಗದ ಬಂದವು. ಒಂದು, ರಾತ್ರಿ ಪಾಳಿಗೆ ಆರು ನಿಮಿಷದ ಮಿತಿಯನ್ನು ಕೈಬಿಟ್ಟ ಆದೇಶ. ಅದರಲ್ಲಿ ಅಕ್ಕನ ಪ್ರಸ್ತಾಪವಿಲ್ಲ. ಇನ್ನೊಂದು ಅಕ್ಕನಿಗೇ ಬರೆದದ್ದು. ಮನೆಯ ಬಾಗಿಲೆಂದು ಖಚಿತಪಡಿಸಿಕೊಳ್ಳದೆ ಕರೆ ಮುಗಿಸಿದ್ದಕ್ಕೆ, ಆ ವಿಷಯ ಮುಚ್ಚಿಟ್ಟಿದ್ದಕ್ಕೆ, ಎಚ್ಚರಿಕೆ ಪತ್ರ.

‘ಹರಿದು ಬಿಸಾಕು ಅಂತಾರೆ ನಮ್ಮನೆಯವರು’ ಎನ್ನುತ್ತ ಅಕ್ಕ ಆ ಪತ್ರವನ್ನು ಬಿಡಿಸಿ, ಮೇಜಿನ ಮೇಲಿಟ್ಟು, ಅಂಗೈಯಿಂದ ಮಡಿಕೆ ಸವರುತ್ತಾರೆ. ‘ನಾನ್ಯಾಕೆ ಹರೀಲಿ? ಎಂಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಆಫೀಸಿನವರು ಬರೆದಿರೋದು ಇದೊಂದೇ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.’