ಖಾತೆದಾರರು ಖುದ್ದಾಗಿ ಬರಬೇಕು

ಎದುರುಮನೆ ಅಕ್ಕನ ಎರಡೂ ಅಂಗೈಗಳು ಕಾಯಿಮಟ್ಟೆಯ ಕರೆ ಕುಡಿದು ಕುಡಿದು ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಸೋಪು, ಸೀಗೆಪುಡಿ, ಸೀಮೆಎಣ್ಣೆ ಯಾವುದಕ್ಕೂ ಬಗ್ಗದ ಬಣ್ಣ. ಆ ಕೈಯಲ್ಲಿ ಒಂದು ಒಣಕಾಯಿ ಎತ್ತಿಕೊಂಡು, ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಮುಗಿಯಿತು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಇನ್ನೂ ನೀರು ನಿಂತಿದೆಯೋ, ಕೌಟು ಹಿಡಿದು ಕೆಟ್ಟಿದೆಯೋ ಎಂದು ತೀರ್ಪು ಬಂದುಬಿಡುತ್ತಿತ್ತು. ತೊಂದರೆ ಏನೆಂದರೆ ಆಕೆ ಮನುಷ್ಯರನ್ನೂ ಹಾಗೇ ವಿಂಗಡಿಸುತ್ತಿದ್ದಳು. ನಮ್ಮ ಬೀದಿಯಲ್ಲಿ ಬಹಳ ಜನ ಕೌಟು. ನಾನು ನೀರುಕಾಯಿ.

"ಬೇಜಾರ್ ಮಾಡ್ಕಬೇಡ ಕಣಪ್ಪ. ಕೆಟ್ಟೋನಲ್ಲ ನೀನು. ಒಳಗೆ ಬರೀ ಕುಳುಕುಳು ಅಂತೀಯ, ಅಷ್ಟೇಯ."

ಬೇಜಾರಿಗೆ ಕಾರಣವಿರಲಿಲ್ಲ. ನಾನು ಹೈಸ್ಕೂಲಿನ ಗುಮಾಸ್ತ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡುವ ಜಾತಿ. ನೋಡಿ ಹೋದ ಮೇಲೆ, ನೋಡುವಾಗಲೇ ಕೈತಾಗಿ ಮತ್ತೆ ತಿರುಗಿಬಿಟ್ಟಿತೇನೋ ಎಂದು ಸಂಜೆಯ ತನಕ ಚಿಂತಿಸುವವನು. ಇಂಥವನನ್ನು ಆಕೆ ತನ್ನ ಜೀವನದ ಒಂದು ದೊಡ್ಡ ಜಗಳಕ್ಕೆ ಜೊತೆ ಮಾಡಿಕೊಂಡಳು ಎಂದರೆ ಆಗ ಬೀದಿಯಲ್ಲಿ ಬೇರೆ ಗಂಡಸರು ಇರಲಿಲ್ಲವೆಂದಲ್ಲ, ಉಳಿದವರೆಲ್ಲ ಕೌಟು.

ಆಕೆಯ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ತಿಪಟೂರು ಕಡೆ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಮರೆತುಬಿಡುತ್ತೇವೆ. ಅದು ತಾನಾಗಿ ಒಣಗಿ, ಒಳಗಿನ ಉಂಡೆ ಅಲ್ಲಾಡತೊಡಗಿದಾಗ ಸುಲಿಯುವವರು ಬೇಕಾಗುತ್ತಾರೆ, ಅದೂ ಇವತ್ತೇ ಬೇಕಾಗುತ್ತಾರೆ. ಅಕ್ಕನದು ಅಂಥ ಸುಲಿಯುವ ಹೆಂಗಸರ ತಂಡ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ಆಕೆಗೆ ಮನೆಗಳಿದ್ದವು. ವರ್ಷಕ್ಕೊಮ್ಮೆ ಬೇಕಾಗುವವಳ ನಂಬರನ್ನು ಯಾರೂ ಫೋನಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅಟ್ಟದ ಬಾಗಿಲ ಮೇಲೆ ಇದ್ದಿಲಿನಿಂದ ಬರೆದಿರುತ್ತಾರೆ. ಕಾಯಿ ಒಣಗಿದಾಗ ಬಾಗಿಲು ತೆಗೆಯಬೇಕು, ತೆಗೆಯುವಾಗ ನಂಬರು ಕಾಣುತ್ತದೆ, ಫೋನು ಮಾಡುತ್ತಾರೆ. ಆಕೆಯ ಅನ್ನವೆಲ್ಲ ಆ ಬಾಗಿಲುಗಳ ಮೇಲಿತ್ತು.

ಆ ನಂಬರು ಇದ್ದದ್ದು ಗಂಡನ ಹೆಸರಿನಲ್ಲಿ. ಗಂಡ ಇದ್ದದ್ದು ಬೋರನಕಣಿವೆ ಕಡೆಯ ಒಂದು ಊರಿನಲ್ಲಿ, ಇನ್ನೊಬ್ಬಾಕೆಯ ಮನೆಯಲ್ಲಿ. ಹೋಗುವಾಗ ರೇಡಿಯೋ ಮತ್ತು ಒಳ್ಳೆಯ ಪಂಚೆಗಳನ್ನೆಲ್ಲ ಮರೆಯದೆ ತೆಗೆದುಕೊಂಡು ಹೋಗಿದ್ದ. ಫೋನು ಮಾತ್ರ ಮರೆತಿದ್ದ. "ಬಾಳ್ವೆಲಿ ಮಾಡಿದ್ ಒಂದೇ ಉಪ್ಕಾರ," ಎನ್ನುತ್ತಿದ್ದಳು ಅಕ್ಕ. ಆಕೆ ಅವನ ಹೆಸರು ಹೇಳುತ್ತಿರಲಿಲ್ಲ. ನಮ್ಮ ಕಡೆ ಆಕೆಯ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಗೌರವಕ್ಕೆ. ಹಾಗೆಂದು ಒಮ್ಮೆ ನಾನು ಮೆಚ್ಚಿ ಮಾತಾಡಿದ್ದಕ್ಕೆ ಆಕೆ, "ಗೌರ್‍ವ? ಈಗ್ತಾನೆ ಬಾಯಿ ತೊಳ್ಕಂಡ್ ಬಂದಿವ್ನಿ ಕಣಪ್ಪ, ಅದಕ್ಕೆ," ಎಂದಿದ್ದಳು.

ಒಂದು ದಿನ ಬಚ್ಚಲ ಒಲೆಗೆ ಕಾಯಿಚಿಪ್ಪು ತುಂಬುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಜಾರಿ ಚಿಪ್ಪಿನ ಜೊತೆ ಒಲೆಗೆ ಹೋಯಿತು. ಸಿಮ್ಮು ಸೇರಿ ಎಲ್ಲ ಕರಗಿತು. ಅದೇ ನಂಬರಿನ ಹೊಸ ಸಿಮ್ಮು ಕೇಳಲು ಹೋದರೆ ಅಂಗಡಿಯವನು, "ಖಾತೆದಾರರು ಖುದ್ದಾಗಿ ಬರಬೇಕು," ಎಂದ. ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಫೋನು ಮಾಡಿ ಎಂದ. ಅಕ್ಕ ನೇರ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತಳು.

ಫೋನು ಮಾಡಿ ಕೊಟ್ಟೆ. ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು. ಒತ್ತಿದೆವು. ಮತ್ತೆ ಇನ್ನೊಂದನ್ನು ಒತ್ತಿ, ಮಗದೊಂದನ್ನು ಒತ್ತಿ ಎಂದಿತು. ಕನ್ನಡ ಕೇಳಿದ್ದಕ್ಕೆ ಶಿಕ್ಷೆಯೋ ಎಂಬಂತೆ ಅಂಗಡಿ ಸಾಮಾನಿನ ಹಾಗೆ ಯಾವ್ಯಾವುದೋ ಯೋಜನೆಗಳ ಹೆಸರು ಓದಿತು. ಕೊನೆಗೆ ಜೇನು ಸವರಿದ ದನಿಯೊಂದು, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಹಾಡು ಹಾಕಿತು.

"ಅಮೂಲ್ಯ ಅಂದ್ಮೇಲೆ ಎತ್ಕೊಳ್ಳಕ್ಕೆ ಏನ್ ರೋಗ ಇವ್ಕೆ?"

"ಅಕ್ಕ, ಅದು ಮಿಷನ್ನು."

"ಮಿಷನ್ನೇ ಇಷ್ಟ್ ಸುಳ್ಳು ಹೇಳ್ತೈತೆ, ಇನ್ ಮನುಷ್ಯರು ಇನ್ನೆಷ್ಟ್ ಹೇಳಾರು!"

ಹಾಡು ಮುಗಿಯದಾದಾಗ ಆಕೆ ಫೋನನ್ನು ಕಿವಿಯ ಪಕ್ಕ ಹಿಡಿದು, ಕಾಯಿ ಅಲ್ಲಾಡಿಸಿದ ಹಾಗೇ ಅಲ್ಲಾಡಿಸಿದಳು. "ಖಾಲಿ," ಎಂದಳು. ಅಷ್ಟರಲ್ಲಿ ಒಬ್ಬ ಹುಡುಗಿ ಬಂದಳು, ಖಾತೆದಾರರ ಹೆಸರು ಕೇಳಿದಳು. ಅಕ್ಕ ನನ್ನ ಕಡೆ ಗದ್ದ ಎತ್ತಿದಳು. ಹೆಸರು ನಾನು ಹೇಳಿದೆ.

"ಖಾತೆದಾರರು ಲೈನಿಗೆ ಬರಬಹುದಾ ಮೇಡಂ?"

"ಮನೇಲಿಲ್ಲ ಕಣವ್ವ."

"ಯಾವಾಗ ಬರ್ತಾರೆ ಮೇಡಂ?"

"ಅದ್ನ ಅವ್ನನ್ನೇ ಕೇಳು. ಕೇಳ್ಬುಟ್ಟು ನಂಗೂ ಒಂದ್ ಮಾತು ಹೇಳು."

ಹುಡುಗಿ ಕ್ಷಮೆ ಕೇಳಿದಳು. ಕ್ಷಮೆ ಕೇಳುವುದಕ್ಕೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದರೋ ಏನೋ, ಮಾತಿಗೊಮ್ಮೆ ಕೇಳುತ್ತಿದ್ದಳು, ಮಾಡಬೇಕಾದ್ದನ್ನು ಮಾತ್ರ ಮಾಡುತ್ತಿರಲಿಲ್ಲ. ಆಮೇಲೆ ದನಿ ತಗ್ಗಿಸಿ, ಖಾತೆದಾರರು ಮೃತಪಟ್ಟಿದ್ದರೆ ಮರಣ ಪ್ರಮಾಣಪತ್ರ ತೋರಿಸಿ ಹೆಂಡತಿಯ ಹೆಸರಿಗೆ ಮಾಡಿಸಿಕೊಳ್ಳಬಹುದು, ಸುಲಭ ಎಂದಳು.

"ಅಂದ್ರೆ ನಿಮ್ ಕಂಪ್ನೀಲಿ ಸತ್ತೋನಾದ್ರೆ ಆಯ್ತದೆ, ಓಡೋದೋನಾದ್ರೆ ಆಗಕ್ಕಿಲ್ಲ?"

"ಕ್ಷಮಿಸಿ ಮೇಡಂ."

"ನೀನ್ ಯಾಕವ್ವ ಪದೇ ಪದೇ ಕ್ಷಮಿಸಿ ಅಂತೀಯ? ಓಡೋದೋನ್ ಅವ್ನು!"

ಸಹಾಯ ತೃಪ್ತಿಕರವಾಗಿತ್ತೇ, ಐದರಲ್ಲಿ ಎಷ್ಟು ಅಂಕ ಕೊಡುವಿರಿ ಎಂದು ಕೊನೆಯಲ್ಲಿ ಮಿಷನ್ನು ಕೇಳಿತು. ಅಕ್ಕ ಕೊಟ್ಟ ಉತ್ತರವನ್ನು ಅಚ್ಚು ಮಾಡುವಂತಿಲ್ಲ.

ಮಾರನೆಯ ದಿನ ಆಕೆ ಬಂದು ನನಗೊಂದು ಕೆಲಸ ಹೇಳಿದಳು. ನಾನು ಆಕೆಯ ಗಂಡನಾಗಿ ಮಾತಾಡಬೇಕು.

ಜೈಲಿನಲ್ಲಿ ಬಿಸಿನೀರು ಕೊಡುತ್ತಾರೋ ಇಲ್ಲವೋ ಎಂಬ ತನಕ ನನ್ನ ಯೋಚನೆ ಓಡಿತು. ಬೇಡ ಎನ್ನಲು ಬಾಯಿ ತೆರೆದೆ. ಅಕ್ಕನ ಜಗಲಿ ಕಣ್ಣಿಗೆ ಬಿತ್ತು. ತಂಡದ ಹೆಂಗಸರು ಅಲ್ಲಿ ಕೆಲಸವಿಲ್ಲದೆ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಕಾಯಿ ಒಣಗುವ ಕಾಲ. ಎಷ್ಟು ಅಟ್ಟಗಳಿಂದ ಎಷ್ಟು ಜನ ಆ ಸುಟ್ಟುಹೋದ ನಂಬರಿಗೆ ಫೋನು ಮಾಡುತ್ತಿದ್ದರೋ! ಒಪ್ಪಿಕೊಂಡೆ. ಆಧಾರ್ ಕಾರ್ಡಿನ ಹಳೇ ಜೆರಾಕ್ಸ್ ಮುಂದಿಟ್ಟುಕೊಂಡು, ಹುಟ್ಟಿದ ದಿನ, ತಂದೆಯ ಹೆಸರು ಬಾಯಿಪಾಠ ಮಾಡಿದೆ. ದನಿ ದಪ್ಪ ಮಾಡಿಕೊಂಡೆ. ಅಕ್ಕ ಕೇಳಿ, "ಅವನಿಗಿಂತ ನೀನೇ ವಾಸಿ," ಎಂದಳು.

ಈ ಸಲ ಬೇರೆ ಹುಡುಗಿ. ಹುಟ್ಟಿದ ದಿನ ಸರಿಹೋಯಿತು. ತಂದೆಯ ಹೆಸರು ಸರಿಹೋಯಿತು. ನನಗೆ ಬೆವರಿನ ನಡುವೆಯೂ ಒಂಥರಾ ಹೆಮ್ಮೆ ಬರತೊಡಗಿತು.

"ಧನ್ಯವಾದ ಸರ್. ಕೊನೆಯದಾಗಿ, ನಿಮ್ಮ ಪತ್ನಿಯ ಹೆಸರು?"

ನಾನು ಜೆರಾಕ್ಸ್ ತಿರುಗಿಸಿ ನೋಡಿದೆ. ಅದರಲ್ಲಿ ಇರಲಿಲ್ಲ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಆಕೆ ನನಗೆ ಅಕ್ಕ, ನನ್ನ ಹೆಂಡತಿಗೆ ಅಕ್ಕ, ಬೀದಿಗೇ ಅಕ್ಕ. ಆಕೆಗೊಂದು ಹೆಸರಿದ್ದೀತು ಎಂದು ನನಗೆ ಹೊಳೆದೇ ಇರಲಿಲ್ಲ. ಎದುರಿಗೆ ಕೂತ ಅಕ್ಕನ ಮುಖ ನೋಡಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಣಿಯುತ್ತಿದ್ದವು.

"ಸರ್? ಲೈನಿನಲ್ಲಿದ್ದೀರಾ?"

"ಅ... ಅಕ್ಕ," ಎಂದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಆಕೆಯ ಹೆಸರನ್ನು ಗಟ್ಟಿಯಾಗಿ ಕೂಗಿ, "ಅಷ್ಟೂ ಗೊತ್ತಿಲ್ವೇನ್ರೀ ನಿಮ್ಗೆ, ಎದುರು ಮನೆಯೋರ್ದು!" ಎಂದಳು. ಅದು ನನಗಿಂತ ಚೆನ್ನಾಗಿ ಆ ಹುಡುಗಿಗೆ ಕೇಳಿಸಿತು. ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿರುವುದರಿಂದ ಈ ಸಂಖ್ಯೆಯನ್ನು ತಡೆಹಿಡಿಯಲಾಗಿದೆ ಎಂದು ಹೇಳಿ, ಶುಭದಿನ ಹಾರೈಸಿ ಇಟ್ಟಳು. ಇನ್ನು ಗಂಡ ಬಂದು ಹೆಬ್ಬೆಟ್ಟು ಒತ್ತುವುದೊಂದೇ ದಾರಿ.

ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ಎಲ್ಲಾರ್ನೂ ಏಮಾರ್ಸ್ಬೋದು ಕಣಪ್ಪ, ನಿನ್ ಹೆಂಡ್ರನ್ನ ಆಗಲ್ಲ."

"ಅಕ್ಕ, ಹೋಗಿ ಕರ್ಕೊಂಡು ಬರ್ಲಾ ಭಾವನ್ನ? ಒಂದು ಹೆಬ್ಬೆಟ್ಟು ಅಷ್ಟೇ ಅಲ್ವಾ?"

ನಗು ನಿಂತಿತು. "ಅವ್ನ್ ಹೆಬ್ಬೆಟ್ಟಿಗೋಸ್ಕರ ನಾನು ಅವ್ನ ಮುಂದೆ ನಿಂತ್ಕಳದಾ? ಅದುಕ್ಕಿಂತ ಇನ್ನೊಬ್ಬರ ಹೊಲ್ದಾಗೆ ಕಳೆ ಕೀಳ್ತೀನಿ. ಬುಡು ಆ ಮಾತ."

ಆ ವಾರವೇ ಆಕೆ ತನ್ನ ಹೆಸರಿನಲ್ಲೇ ಹೊಸ ನಂಬರು ತೆಗೆದುಕೊಂಡಳು. ತೆಗೆದುಕೊಳ್ಳುವುದೇನೋ ಸುಲಭ. ಆದರೆ ಅದು ಒಂದು ಬಾಗಿಲ ಮೇಲೂ ಇರಲಿಲ್ಲ. ಹೀಗಾಗಿ ನನ್ನ ಸ್ಕೂಟರಿನ ಹಿಂದೆ ಆಕೆ, ಆಕೆಯ ಚೀಲದಲ್ಲಿ ಒಂದು ಹಿಡಿ ಇದ್ದಿಲು, ಒದ್ದೆ ಬಟ್ಟೆ. ರಜೆ ಬಂದಾಗಲೆಲ್ಲ ಹೊರಟೆವು. ಸಂಪಿಗೆ ಕಡೆಯ ಮನೆಗಳು, ಕಿಬ್ಬನಹಳ್ಳಿ ಸುತ್ತಲಿನ ತೋಟಗಳು. ಪೆಟ್ರೋಲು ಮುಗಿದೀತು, ನಾಯಿ ಕಚ್ಚೀತು, ಯಾರದೋ ಅಟ್ಟದ ಏಣಿಯಿಂದ ಬಿದ್ದೇನು ಎಂದು ನಾನು ಹೆದರುತ್ತಿದ್ದರೆ ಆಕೆ ಹಳೆಯ ನಂಬರನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಬರೆಯುವುದು ನನ್ನ ಪಾಲು. ನನ್ನ ಗುಮಾಸ್ತಗಿರಿಯಲ್ಲಿ ಆಕೆ ಮೆಚ್ಚಿದ್ದು ಅಕ್ಷರ ಒಂದೇ.

ತುರುವೇಕೆರೆ ದಾರಿಯ ಒಂದು ಮನೆಯಲ್ಲಿ ಯಜಮಾನರು ಅಕ್ಕನನ್ನು ನೋಡಿ ಬೆಚ್ಚಿದರು. "ಅಯ್ಯೋ, ಇದೀಯೇನವ್ವ? ಫೋನ್ ಮಾಡಿದ್ರೆ ಯಾವ್ಳೋ, ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂದ್ಲು. ನಾನು ನೀನೇ ಹೋಗ್ಬುಟ್ಟೆ ಅನ್ಕಂಡು ಬೇರೇರ್ನ ಕರ್ದ್‌ಬುಟ್ಟೆ."

ಅಕ್ಕ ಅಂಗಳದಲ್ಲಿದ್ದ ಕೊಬ್ಬರಿ ರಾಶಿಯಿಂದ ಒಂದನ್ನು ಎತ್ತಿ ನೋಡಿದಳು. ಚಿಪ್ಪು ಒಡೆಯುವಾಗ ಏಟು ಬಿದ್ದು ಉಂಡೆಯ ಪಕ್ಕ ಕಿತ್ತುಬಂದಿತ್ತು. "ನಾನ್ ಸತ್ತೆ ಅಂದ್ಕಂಡು ನಿಮ್ ಕೊಬ್ರಿನೂ ಸಾಯ್ಸವ್ರೆ," ಎಂದು ಅದನ್ನು ಅವರ ಕೈಗೇ ಕೊಟ್ಟು ಅಟ್ಟ ಹತ್ತಿದಳು.

ಕೊನೆಗೆ ಉಳಿದದ್ದು ಬೋರನಕಣಿವೆ ಕಡೆ. ಅಲ್ಲಿಗೆ ಹೋಗುವ ದಿನ ನನಗೆ ಹೊಟ್ಟೆನೋವು ಬಂತು. ಅಕ್ಕ ಒಂದು ಲೋಟ ಮಜ್ಜಿಗೆ ಕುಡಿಸಿ ಹೊರಡಿಸಿದಳು. ಗಂಡ ಇರುವ ಊರಿನಲ್ಲೇ ಒಂದು ದೊಡ್ಡ ಮನೆ. ಅವರ ಅಟ್ಟದ ಬಾಗಿಲು ಹೊರಜಗಲಿಗೇ ತೆರೆಯುತ್ತಿತ್ತು. ನಾನು ಅರ್ಧ ನಂಬರು ಬರೆದಿದ್ದೆ. ಹಿಂದೆ ಯಾರೋ ಕೆಮ್ಮಿದರು. ಅವನೇ. ಕೈಯಲ್ಲಿ ಛತ್ರಿ, ಉಟ್ಟಿದ್ದು ಬೂದಿ ಬಣ್ಣಕ್ಕೆ ತಿರುಗಿದ ಪಂಚೆ.

"ಏನಪ್ಪ, ಚೆನ್ನಾಗಿದೀಯ?" ಎಂದು ನನ್ನನ್ನು ಕೇಳಿದ. "ಹಳೇ ನಂಬ್ರ ಏನಾಯ್ತು?"

ಹೇಳಿದೆ. ಅವನು ಲೊಚಗುಟ್ಟಿದ. "ಒಂದ್ ಮಾತು ಹೇಳ್ಕಳ್ಸಿದ್ರೆ ಬಂದು ಹೆಬ್ಬೆಟ್ ಒತ್ತಿರ್ತಿದ್ನಲ್ಲ! ಈಗ್ಲೂ ಏನಂತೆ, ಬತ್ತೀನಿ. ಊರ್ ನೋಡಿ ಬಾಳ ದಿನ ಆಯ್ತು. ಮನೇಲೇ ಒಂದ್ ಹೊತ್ತು ಉಂಡು..."

ನನ್ನ ಹೇಡಿ ಹೃದಯ ಹೂವಿನಂತೆ ಅರಳಿತು. ಆಗೇ ಹೋಯಿತು! ಇನ್ನು ಏಣಿ ಇಲ್ಲ, ನಾಯಿ ಇಲ್ಲ, ತಲುಪದೇ ಉಳಿದ ಬಾಗಿಲುಗಳ ಚಿಂತೆಯೂ ಇಲ್ಲ. ಅಕ್ಕನ ಕಡೆ ಆಸೆಯಿಂದ ತಿರುಗಿದೆ. ಆಕೆ ಅವನ ಕಡೆ ನೋಡಲೇ ಇಲ್ಲ. ನನಗೆ ಹೇಳಿದಳು:

"ಅವ್ರಿಗೆ ಹೇಳಪ್ಪ, ಖಾತೆ ಕ್ಲೋಸ್ ಆಗೈತೆ ಅಂತ."

ಹೇಳಬೇಕಾಗಿರಲಿಲ್ಲ, ಅವನು ಒಂದು ಮಾರು ದೂರದಲ್ಲೇ ನಿಂತಿದ್ದ. ಆದರೂ ಹೇಳಿದೆ. ಅವನು ಛತ್ರಿಯ ತುದಿಯಿಂದ ನೆಲ ಕೆದಕಿದ. "ಹೊಸ ನಂಬ್ರನಾದ್ರೂ ಕೊಡು ಅನ್ನು."

"ಬಾಗ್ಲು ಮೇಲೈತಲ್ಲ. ಕಾಯಿ ಇದ್ರೆ ಮಾಡ್ಲಿ. ಬೇರೆ ಮಾತಿಗೆ ನಂಗೆ ಪುರ್ಸೊತ್ತಿಲ್ಲ." ಆಮೇಲೆ ನನಗೆ, "ನೀನ್ಯಾಕ್ ನಿಂತ್ಕಂಡೆ? ಬರಿ, ಇನ್ನೂ ಅರ್ಧ ಐತೆ."

ಬರೆದೆ. ಅವಸರಕ್ಕೆ ಒಂದು ಏಳು ಒಂದರ ಹಾಗಾಯಿತು, ಅಕ್ಕ ಅಳಿಸಿ ಮತ್ತೆ ಬರೆಸಿದಳು. ಆಕೆಯನ್ನು ಹಿಂದೆ ಕೂರಿಸಿಕೊಂಡು ವಾಪಸು ಹೊರಟೆ. ಅತ್ತಳೇನೋ ಎಂದು ನನಗೆ ಆತಂಕ. ಕನ್ನಡಿಯಲ್ಲಿ ಕದ್ದು ನೋಡಿದೆ.

"ಪಂಚೆ ನೋಡ್ದಾ?" ಎಂದಳು. "ಒಂಚೂರ್ ನೀಲಿ ಹಾಕೋ ಗತಿ ಇಲ್ಲ ಆ ಮನೇಲಿ." ದನಿಯಲ್ಲಿ ಹಬ್ಬದ ಖುಷಿಯಿತ್ತು.

ಕೆಲವು ಮನೆಗಳು ಆ ವರ್ಷ ಕೈತಪ್ಪಿದವು, ಕೆಲವು ಮತ್ತೆ ಬರಲೇ ಇಲ್ಲ. ಉಳಿದವು ಸಾಕಾದವು. ಮುಂದಿನ ವರ್ಷ ಕಾಯಿ ಒಣಗುವ ಹೊತ್ತಿಗೆ ಎದುರು ಮನೆಯಲ್ಲಿ ಫೋನು ಬಡಿದುಕೊಳ್ಳುವ ಸದ್ದಿಗೆ ನಮ್ಮ ಮನೆಯಲ್ಲಿ ನಿದ್ದೆ ಹಾರುತ್ತಿತ್ತು.

ಹೋದ ವರ್ಷ ಅಕ್ಕ ಜ್ವರವೆಂದು ಮಲಗಿದವಳು ಏಳಲಿಲ್ಲ. ಫೋನು ಈಗ ತಂಡದ ಇನ್ನೊಬ್ಬ ಹೆಂಗಸಿನ ಸೊಂಟದಲ್ಲಿದೆ. ಖಾತೆದಾರರು ಎಲ್ಲಿದ್ದಾರೆಂದು ಆ ಕಂಪನಿಗೆ ತಿಳಿಸುವ ಶ್ರಮವನ್ನು ನಾವು ಯಾರೂ ತೆಗೆದುಕೊಂಡಿಲ್ಲ. ತಿಳಿಸಿದರೆ ಕ್ಷಮೆ ಕೇಳುತ್ತಾರೆ.

ಮಣ್ಣು ಮಾಡುವ ದಿನ ಮೂರೂ ತಾಲ್ಲೂಕಿನ ತೋಟದವರು ಬಂದಿದ್ದರು. ಗಂಡ ಇರುವ ಹೆಂಗಸೆಂದು ಆಕೆಯ ಹಣೆಗೆ ಕುಂಕುಮ ಇಟ್ಟು, ತಲೆತುಂಬ ಹೂವು ಮುಡಿಸಿದ್ದರು. ಇದ್ದಿದ್ದರೆ ಆಕೆ ಅದಕ್ಕೇನು ಹೇಳುತ್ತಿದ್ದಳೋ. ಅವನೂ ಬಂದಿದ್ದ. ಗೇಟಿನ ಹತ್ತಿರ, ತೋಟದವರ ನಡುವೆ, ಬಿಳೀ ಪಂಚೆ ಉಟ್ಟು ನಿಂತಿದ್ದ. ನನ್ನ ಜೊತೆ ಬಂದಿದ್ದ ಸ್ಕೂಲಿನ ಮೇಷ್ಟ್ರು ಮೆಲ್ಲಗೆ ಕೇಳಿದರು, "ಯಾರ್ರೀ ಅವರು, ಮನೆಯವರಾ?"

"ಅಲ್ಲ ಕಣ್ರೀ," ಎಂದೆ. "ಯಾರೋ ಕಾಯಿಯೋರು ಇರಬೇಕು."

ನಾಲಿಗೆ ತೊದಲಲಿಲ್ಲ. ಚಟ್ಟ ಎತ್ತುವ ಹೊತ್ತಾಯಿತು, ಇನ್ನೊಂದು ಹೆಗಲು ಬೇಕೆಂದು ಯಾರೋ ಕೂಗಿದರು. ಅವನು ಛತ್ರಿಯನ್ನು ಗೋಡೆಗೆ ಒರಗಿಸಿ ಮುಂದೆ ಬಂದ. ನಾನು ಅವನಿಗಿಂತ ಮೊದಲು ಹೋಗಿ ಹೆಗಲು ಕೊಟ್ಟೆ.